ಸಲೋಮಮ್ಮ ಎರೆದ ನೀರು

ಪಂಚನಹಳ್ಳಿಯ ಹೆಣ್ಣುಮಗುವೊಂದು ಓದಲು ಕಡೂರಿಗೆ ಹೋದರೆ ಸಮುದ್ರ ದಾಟಿ ಹೋದಷ್ಟೇ ಸುದ್ದಿಯಾಗುತ್ತಿದ್ದ ಕಾಲ ಅದು. ನನ್ನ ಮಟ್ಟಿಗೂ ಅದು ಪರದೇಶವೇ. ಅಲ್ಲಿ ಮಿಷನ್ನಿನವರ ಹೆಣ್ಣುಮಕ್ಕಳ ಶಾಲೆ, ಶಾಲೆಯ ಹಿಂದೆ ಹೆಂಚಿನ ಬೋರ್ಡಿಂಗು, ಬೋರ್ಡಿಂಗಿನ ತುಂಬ ನಾನೆಂದೂ ಕೇಳದ ಹೆಸರಿನ ಹುಡುಗಿಯರು. ನಾನು ಚಿಕ್ಕವಳಿದ್ದಾಗ ಎರಡನೆಯ ಬಾಣಂತಿತನದಲ್ಲಿ ತೀರಿಕೊಂಡ ನಮ್ಮವ್ವ, “ಹೆಣ್ಣಾದ್ರೂ ನಾಲ್ಕಕ್ಷರ ಕಲೀಲಿ” ಎಂದಿದ್ದಳಂತೆ. ಆ ಮಾತಿಗೆ ಕಟ್ಟುಬಿದ್ದು ಅಪ್ಪಯ್ಯ, ಊರವರ ಬಾಯಿಗೂ ಅಜ್ಜಿಯ ಬಾಯಿಗೂ ಜಗ್ಗದೆ, ದಸರಾ ಕಳೆದ ಮೇಲೆ ನನ್ನನ್ನು ಅಲ್ಲಿ ಬಿಟ್ಟು ಬಂದ.

ಗಾಡಿ ಹತ್ತಿಸುವಾಗ ಅಜ್ಜಿ ಕಿವಿ ಹಿಂಡಿ ಹೇಳಿದ್ದು ಒಂದೇ ಮಾತು. “ನೋಡು ಗೌರಿ, ಅವ್ರು ಏನಾರ ಹೇಳ್ಕಳ್ಳಿ. ತಲೆ ಮೇಲೆ ಮಾತ್ರ ನೀರು ಹಾಕುಸ್ಕಬೇಡ. ಅವ್ರು ನೀರು ಹಾಕುದ್ರೆ ಮುಗೀತು, ಕಿರಸ್ತಾನಿ ಆಗೋಗ್ತೀಯ. ಆಮೇಲೆ ನಿನ್ನ ಮನೆಗೆ ಸೇರ್ಸೋಂಗಿಲ್ಲ ಕಣೇ.”

ಊಟದ ಭಯ ಇರಲಿಲ್ಲ; ನನ್ನಂಥ ಇಬ್ಬರು ಮೂವರಿಗೆ ಬೇರೆ ಒಲೆ ಹೂಡಿ ಅಡುಗೆ ಮಾಡಲು ನಮ್ಮ ಪೈಕಿಯ ಮುದುಕಿಯೊಬ್ಬಳಿದ್ದಳು. ಭಯವೆಲ್ಲ ನೀರಿನದು. ಮೈಗೆ ನಾನೇ ಹುಯ್ದುಕೊಳ್ಳುತ್ತಿದ್ದೆ. ತಲೆಗೆ ಎರೆಯುವ ದಿನ ಬಂತೆಂದರೆ ನೆಗಡಿ, ಜ್ವರ, ಕಿವಿನೋವು, ಒಂದಲ್ಲ ಒಂದು ನೆಪ. ಕೂದಲು ಜಡೆಗಟ್ಟಿ ಹೇನು ಸುರಿಯುತ್ತಿತ್ತು. ಕುಂಟೆಬಿಲ್ಲೆಗೂ ನನ್ನನ್ನು ಸೇರಿಸಿಕೊಳ್ಳುವವರಿಲ್ಲದಂತಾಯಿತು. ಅದೂ ಸರಿ ಎಂದು ಸಹಿಸಿಕೊಂಡೆ.

ಚಳಿ ಏರಿದಂತೆ ಅವರ ದೊಡ್ಡ ಹಬ್ಬ ಹತ್ತಿರ ಬಂತು. ಹುಡುಗಿಯರು ಬಣ್ಣದ ಕಾಗದ ಕತ್ತರಿಸಿ ಸರಪಳಿ ಅಂಟಿಸಿದರು. ಬಿದಿರಿನ ಸೀಳಿನಲ್ಲಿ ನಕ್ಷತ್ರ ಕಟ್ಟಿದರು. ಬಾಗಿಲಿಗೆ ಮಾವಿನ ತೋರಣ ಬಂದದ್ದು ನೋಡಿ, ಇವರಿಗೂ ತೋರಣವೇ ಎಂದು ಬೆರಗಾದೆ. ರಜಕ್ಕೆ ಮೊದಲೇ ಅಪ್ಪಯ್ಯ ಬರಬೇಕಿತ್ತು. ಬಂದದ್ದು ಸುದ್ದಿ ಮಾತ್ರ. ಊರಿನಲ್ಲಿ ಇಲಿ ಬಿದ್ದಿತ್ತು. ಪ್ಲೇಗಿಗೆ ಹೆದರಿ ಎಲ್ಲರೂ ಮನೆ ಬಿಟ್ಟು ತೋಟದ ಗುಡಿಸಲುಗಳಿಗೆ ಹೋಗಿದ್ದರು. ಮಗು ಸದ್ಯ ಅಲ್ಲೇ ಇರಲಿ ಎಂದು ಹೇಳಿಕಳಿಸಿದ್ದ. ನನ್ನ ಜೊತೆ ಬೇರೆ ಒಲೆಯಲ್ಲಿ ಉಣ್ಣುತ್ತಿದ್ದ ಹುಡುಗಿಯರು ತಮ್ಮ ತಮ್ಮ ಊರಿಗೆ ಹೊರಟರು. ಹಬ್ಬ ಮಾಡುವ ಹುಡುಗಿಯರ ನಡುವೆ ನಾನೊಬ್ಬಳೇ ಉಳಿದೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬಚ್ಚಲ ಹಂಡೆಗೆ ಉರಿ ಹಾಕಿದರು. ಬೋರ್ಡಿಂಗು ನೋಡಿಕೊಳ್ಳುತ್ತಿದ್ದ ಸಲೋಮಮ್ಮ ಸೆರಗು ಸಿಕ್ಕಿಸಿಕೊಂಡು ಒಬ್ಬೊಬ್ಬಳನ್ನೇ ಕರೆಯತೊಡಗಿದಳು. ಇದೇ ಆ ನೀರು ಎಂದು ನನಗೆ ಖಾತ್ರಿಯಾಯಿತು. ಹಿತ್ತಿಲಿಗೆ ಓಡಿ ತೊಗರಿಕಡ್ಡಿಯ ರಾಶಿಯ ಹಿಂದೆ ಕೂತೆ. ಸಲೋಮಮ್ಮ ಬಂದು ರಟ್ಟೆ ಹಿಡಿದಳು.

“ಹಬ್ಬದ ದಿನ ಈ ತಲೆ ಹೊತ್ಕಂಡು ಕೂತ್ಕಂತೀಯ? ಬಾರೇ!”

ಕಿರುಚಿದೆ, ಕೈ ಕಚ್ಚಿದೆ. ಅವಳು ಎಮ್ಮೆಕರು ಎಳೆದ ಹಾಗೆ ಎಳೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿ, ಬೆಚ್ಚಗಿನ ಹರಳೆಣ್ಣೆ ನೆತ್ತಿಗೆ ತಟ್ಟಿ, ಸಿಕ್ಕು ಬಿಡಿಸಿ ಹೇನು ಬಾಚಿದಳು. ಬಾಯಲ್ಲಿ ಏನೋ ಗುನುಗುತ್ತಿದ್ದಳು. ಮಂತ್ರ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ತಿಳಿಯಿತು, ಅದು ರಾಗಿ ಬೀಸುವಾಗ ನಮ್ಮವ್ವ ಹೇಳುತ್ತಿದ್ದ ಪದ. ಬಿಸಿನೀರು ನೆತ್ತಿಯ ಮೇಲೆ ಬಿತ್ತು. ಸೀಗೆಪುಡಿ ಕಣ್ಣು ಉರಿಸಿತು. ಅವ್ವ ಸತ್ತ ಮೇಲೆ ಅಂಥ ನೀರು ಬಿದ್ದಿರಲಿಲ್ಲ. ಹಿತವಾಯಿತು, ಹಿತವಾದದ್ದಕ್ಕೆ ಇನ್ನೂ ಹೆದರಿಕೆಯಾಯಿತು.

“ನಾನು ಕಿರಸ್ತಾನಿ ಆದ್ನಾ?” ಎಂದೆ ಅಳುತ್ತ.

ಅವಳ ಕೈ ನಿಂತಿತು. “ಎಣ್ಣೆನೀರಿಗೆಲ್ಲ ಆಗ್ತಾರೇನವ್ವ? ಆಗಬೇಕು ಅಂತ ಮನಸ್ಸು ಮಾಡಿ ನೀರು ಹಾಕುಸ್ಕಬೇಕು. ನಾನು ಹಾಕುಸ್ಕಂಡೆ. ಅಜ್ಜಂಪುರದ ಕಡೆ ನಮ್ಮನೆ. ಆಮೇಲೊಂದ್ಸಲ ಹೋಗಿದ್ದೆ, ನಮ್ಮವ್ವ ಬಾಗಿಲೇ ತೆಗೀಲಿಲ್ಲ.”

ಸಮಾಧಾನಕ್ಕೆ ಹೇಳಿದ ಮಾತು ನನಗೆ ಸಿಡಿಲಿನಂತೆ ಬಡಿಯಿತು. ಮನಸ್ಸು ಮಾಡಬೇಕೆಂದದ್ದು ತಲೆಗೆ ಹೋಗಲಿಲ್ಲ; ಬಾಗಿಲು ತೆಗೆಯಲಿಲ್ಲ ಎಂದದ್ದಷ್ಟೇ ಉಳಿಯಿತು. ಹಾಗಾದರೆ ಅಜ್ಜಿ ಹೇಳಿದ್ದು ಸುಳ್ಳಲ್ಲ. ಮನೆಗೆ ಸೇರಿಸದೆ ಇರುವುದು ನಿಜವಾಗಿ ನಡೆಯುತ್ತದೆ. ಹಬ್ಬದ ದಿನ ಎಲ್ಲರೂ ಹಾಡುತ್ತಿದ್ದರೆ ನಾನು ಕಂಬಕ್ಕೆ ಒರಗಿ, ಇನ್ನು ಯಾರ ಮನೆಯಲ್ಲಿ ಇರಲಿ ಎಂದು ಯೋಚಿಸುತ್ತಿದ್ದೆ. ಕೈಗೆ ಕರ್ಜಿಕಾಯಿ ಕೊಟ್ಟರು. ಮುಳುಗಿದವನಿಗೆ ಚಳಿಯೇನು ಮಳೆಯೇನು ಎಂದು ಅದನ್ನೂ ತಿಂದೆ. ಕೊಬ್ಬರಿ, ಏಲಕ್ಕಿ ಹಾಕಿದ್ದರು. ರುಚಿಯಾಗಿತ್ತು.

ಹಬ್ಬ ಕಳೆದ ಮೇಲೆ ಅಪ್ಪಯ್ಯ ಬಂದ. ದಾರಿಯುದ್ದಕ್ಕೂ ನಾನು ಗಾಡಿಯ ಹಿಂದಿನ ತುದಿಯಲ್ಲಿ ಮುದುಡಿ ಕೂತಿದ್ದೆ. ತೆಂಗಿನ ತೋಟದಲ್ಲಿ ಗರಿ ಹೊದೆಸಿದ ಗುಡಿಸಲು. ಮುಂದೆ ಅಜ್ಜಿ ನಿಂತಿದ್ದಳು. ಕೈ ಚಾಚಿದಳು. ನಾನು ಹಿಂದೆ ಸರಿದೆ.

“ಮುಟ್ಬೇಡ ಅಜ್ಜಿ. ನೀರು ಹಾಕ್ಬುಟ್ರು.”

ಅಜ್ಜಿಯ ಮುಖ ಕಪ್ಪಿಟ್ಟಿತು. ಎತ್ತು ಬಿಚ್ಚುತ್ತಿದ್ದ ಅಪ್ಪಯ್ಯ ಹಾಗೆಯೇ ನಿಂತ.

“ಯಾರು ಹಾಕುದ್ರು? ಪಾದ್ರಿ ಬಂದಿದ್ನಾ?” ಎಂದಳು ಅಜ್ಜಿ.

“ಇಲ್ಲ. ಸಲೋಮಮ್ಮ. ಬಚ್ಚಲಲ್ಲಿ. ಹರಳೆಣ್ಣೆ ಹಚ್ಚಿ, ಸೀಗೆಪುಡಿ ಹಾಕಿ.”

ಅಜ್ಜಿ ಹತ್ತಿರ ಬಂದು ನನ್ನ ಜಡೆ ಬಿಚ್ಚಿದಳು. ಕೂದಲಿನೊಳಗೆ ಬೆರಳಾಡಿಸಿ ನೋಡಿದಳು. “ಎರೆದವ್ಳೆ ಕಣೋ,” ಎಂದಳು ಅಪ್ಪಯ್ಯನಿಗೆ. “ಹೇನೆಲ್ಲ ತೆಗೆದವ್ಳೆ. ಇವ್ಳವ್ವ ಹೋದ್ಮೇಲೆ ನಾನು ಒಂದಿನ ಸರ್ಯಾಗಿ ಎರೀಲಿಲ್ಲ.” ನನ್ನನ್ನು ಎದೆಗೆ ಅವುಚಿಕೊಂಡು ಅತ್ತಳು. ನಾನೂ ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ಸಲೋಮಮ್ಮನ ಅವ್ವ ಬಾಗಿಲು ತೆಗೆಯದ ಸಂಗತಿ ಹೇಳಿದೆ.

ರಜ ಮುಗಿದು ಹೊರಡುವ ದಿನ ಅಜ್ಜಿ ಒಂದು ಕುಡಿಕೆ ಹರಳೆಣ್ಣೆ ತಂದು ನನ್ನ ಮಡಿಲಿಗಿಟ್ಟಳು. “ಆ ಹೆಣ್ಣಿಗೆ ಕೊಡು. ಅವ್ಳ ತಲೆಗೆ ಯಾರೆರೀತಾರೆ, ಕೇಳ್ಕಂಡು ಬಾ.”

ಕೇಳಿದೆ. ಸಲೋಮಮ್ಮ ಕುಡಿಕೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, “ನಂಗ್ಯಾರವ್ವ ಎರೀತಾರೆ? ನಾನೇ ಹುಯ್ಕಂತೀನಿ,” ಎಂದಳು. ಆ ಉತ್ತರವನ್ನು ಅಜ್ಜಿಗೆ ತಲುಪಿಸಲು ಆಗಲಿಲ್ಲ. ಯುಗಾದಿಗೆ ಮೊದಲೇ ಅಜ್ಜಿ ತೀರಿಹೋದಳು. ಸಲೋಮಮ್ಮ ನಮ್ಮ ಮನೆಗೇ ಬಂದಿದ್ದರೆ ಅಜ್ಜಿ ಒಳಗೆ ಕರೆಯುತ್ತಿದ್ದಳೆಂದು ನಾನು ಹೇಳಲಾರೆ. ಜಗುಲಿಯ ಮೇಲೆಯೇ ಕೂರಿಸುತ್ತಿದ್ದಳು.

ಈಗ ಮೊಮ್ಮಕ್ಕಳು ಆ ಹಬ್ಬಕ್ಕೆ ಗೆಳತಿಯರ ಮನೆಗೆ ಹೋಗಿ ಉಂಡು ಬರುತ್ತಾರೆ. ಯಾರ ನೀರಿಗೂ ಯಾರೂ ಹೆದರುವುದಿಲ್ಲ. ಆ ಹೆದರಿಕೆ ತೊಲಗಿದ್ದಕ್ಕೆ ನನಗೆ ಸಂತೋಷವೇ ಇದೆ. ಎಲ್ಲರೂ ಬಾಗಿಲು ಹಾಕಿಕೊಂಡು ತಮ್ಮ ಸ್ನಾನ ತಾವೇ ಮಾಡಿಕೊಳ್ಳುತ್ತಾರೆ. ಕಂಡರಿಯದ ಹೆಣ್ಣೊಬ್ಬಳ ತಲೆಗೆ ಯಾರೆರೀತಾರೆ ಎಂದು ಕೇಳಿ ಕಳಿಸುವವರನ್ನು ಮಾತ್ರ ನಾನು ಮತ್ತೆ ನೋಡಲಿಲ್ಲ.