ನಮ್ಮ ಬೀದಿಯ ತೆರಿಗೆದಾರರು

ಕಳೆದ ವಾರ ನನ್ನ ಅಂಗಡಿಯ ಫ್ಯಾನ್ ಸುಟ್ಟುಹೋಯಿತು. ನರಸಿಂಹರಾಜಪುರ ರಸ್ತೆಯ ಹೊಸ ಅಂಗಡಿಯವರು ಕಾಯಿಲ್ ಕಟ್ಟಿ ಕೊಟ್ಟರು. ಸ್ವಿಚ್ ಹಾಕಿ ಸ್ವಲ್ಪ ಹೊತ್ತಿಗೆ ಬಿಸಿಯಾದ ವಾರ್ನಿಷ್ ವಾಸನೆ ಅಂಗಡಿ ತುಂಬ ಹರಡಿತು. ಜೆರಾಕ್ಸ್ ಮಾಡಿಸಲು ಬಂದವರೊಬ್ಬರು ಮೂಗು ಮುಚ್ಚಿಕೊಂಡರು. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಫ್ಯಾನಿನ ಕೆಳಗೇ ಕೂತೆ. ಪಕ್ಕದ ಮಳಿಗೆಯಿಂದ ಎಷ್ಟೋ ವರ್ಷ ಬರುತ್ತಿದ್ದದ್ದು ಇದೇ ವಾಸನೆ...

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದಿನ ಆ ಮಳಿಗೆಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತಿದ್ದವರನ್ನು ಬೀದಿಯವರೆಲ್ಲ ಮೋಟಾರಣ್ಣ ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವರ ಹೆಂಡತಿ ನನಗೆ ಅತ್ತಿಗೆ. ನನ್ನದು ಟೈಪಿಂಗು, ಆನ್‌ಲೈನ್ ಅರ್ಜಿ, ಸಣ್ಣ ವ್ಯಾಪಾರಿಗಳ ತೆರಿಗೆ ರಿಟರ್ನ್ ಹಾಕಿಕೊಡುವ ಅಂಗಡಿ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಗೋಡೆ. ಗೋಡೆಯ ಆ ಕಡೆ ಅವರು ಗುನುಗಿದರೆ ಈ ಕಡೆ ಕೇಳುತ್ತಿತ್ತು, ಮತ್ತು ಅವರ ರಾಗ ಕೆಟ್ಟದಾಗಿತ್ತು.

ಪಂಪ್‌ಸೆಟ್ ಕಂಪನಿಯ ಏಜೆಂಟನೊಬ್ಬ ಯಾವತ್ತೋ ಬಂದು, ಜಿಎಸ್‌ಟಿ ನಂಬರ್ ಇದ್ದರೆ ಕಂಪನಿಯ ಸರ್ವೀಸ್ ಕೆಲಸವೆಲ್ಲ ನಿಮಗೇ ಎಂದು ಆಸೆ ಹುಟ್ಟಿಸಿ ಹೋಗಿದ್ದ. ಮೋಟಾರಣ್ಣ ನಂಬರ್ ಮಾಡಿಸಿದರು. ಏಜೆಂಟ್ ಮತ್ತೆ ಈ ಕಡೆ ತಲೆ ಹಾಕಲಿಲ್ಲ, ಆ ನಂಬರಿನಲ್ಲಿ ಬಿಲ್ ಮಾಡುವಂಥ ಕೆಲಸವೂ ಬರಲಿಲ್ಲ. ಅವರ ಸಂಪಾದನೆಗೆ ಆ ನಂಬರಿನ ಅಗತ್ಯವೇ ಇರಲಿಲ್ಲ. ಸಣ್ಣ ದುಡಿಮೆಯವರಿಗೆ ಸರ್ಕಾರ ವಿನಾಯಿತಿ ಕೊಟ್ಟಿದೆ, ಬಿಟ್ಟುಬಿಡಿ ಎಂದು ನಾನು ಹೇಳಿ ನೋಡಿದೆ. ವಿನಾಯಿತಿ ಅಂದರೆ ಅವರಿಗೆ ಯಾರೋ 'ಪಾಪ' ಅಂದ ಹಾಗೆ ಕೇಳಿಸುತ್ತಿತ್ತು. ನೋಂದಣಿಯ ಪತ್ರಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದರು. ಆಯುಧಪೂಜೆಯ ದಿನ ಮೋಟಾರುಗಳ ಜೊತೆ ಅದಕ್ಕೂ ಕುಂಕುಮ.

ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಿಸಲು ಬರುವ ದಿನ ಗ್ರೀಸಿನ ಅಂಗಿ ಕಳಚಿ, ಇಸ್ತ್ರಿ ಅಂಗಿ ತೊಟ್ಟು ಬರುತ್ತಿದ್ದರು. ಪಕ್ಕದ ಮಳಿಗೆಯಿಂದ ಇಲ್ಲಿಗೆ!

"ಈ ಸಲ ಎಷ್ಟಾಯ್ತು ಮಾರಾಯ್ರೆ?"

"ಸೊನ್ನೆ, ಮೋಟಾರಣ್ಣ."

"ಹಾಕಿ. ಸೊನ್ನೆ ಆದ್ರೂ ಲೆಕ್ಕ ಲೆಕ್ಕವೇ."

ಈ ಸೊನ್ನೆಯ ಮೇಲೆ ಅವರಿಗೆ ಇಷ್ಟು ಪ್ರೀತಿ ಯಾಕೆ ಎನ್ನುವುದು ಗೊತ್ತಾಗಬೇಕಾದರೆ ಅವರನ್ನು ಅವರ ಮೂಲ ಊರಾದ ನೆಮ್ಮಾರಿನ ಊಟದ ಪಂಕ್ತಿಯಲ್ಲಿ ನೋಡಬೇಕಿತ್ತು. ಅಲ್ಲಿರುವ ಅವರ ದಾಯಾದಿಗಳೆಲ್ಲ ಅಡಿಕೆ ಬೆಳೆಗಾರರು. ಇವರ ತಂದೆ ತಮ್ಮ ಪಾಲನ್ನು ಮಾರಿಕೊಂಡದ್ದರಿಂದ ಇವರಿಗೆ ಸಿಕ್ಕಿದ್ದು ಸ್ಪ್ಯಾನರ್ ಮಾತ್ರ. ಪಂಕ್ತಿಯಲ್ಲಿ ಅಡಿಕೆ ರೇಟಿನ ಮಾತು ಶುರುವಾದರೆ ಇವರಿಗೆ ಹೇಳಲು ಏನೂ ಇರುತ್ತಿರಲಿಲ್ಲ. ನಂಬರ್ ಬಂದ ಮೇಲೆ ಒಂದು ಮಾತು ಸಿಕ್ಕಿತು. "ನಿಮ್ದೆಲ್ಲ ಕೃಷಿ ಆದಾಯ, ಟ್ಯಾಕ್ಸ್ ಇಲ್ಲ. ಈ ಪಂಕ್ತೀಲಿ ಸರ್ಕಾರಕ್ಕೆ ಲೆಕ್ಕ ಒಪ್ಸೋನು ನಾನೊಬ್ನೇ ನೋಡಿ!" ಎಲ್ಲರೂ ನಗುತ್ತಿದ್ದರು. ನಗುವಿನಲ್ಲಿ ಸ್ವಲ್ಪ ಮರ್ಯಾದೆಯೂ ಇರುತ್ತಿತ್ತು, ಅಥವಾ ಇತ್ತೆಂದು ಅವರು ತಿಳಿದಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಪಾಯಸ ಬರುವಷ್ಟರಲ್ಲಿ ಆ ಮಾತನ್ನು ಎರಡು ಸಲ ಆಡಿ ಮುಗಿಸಿದ್ದರು.

ಅಷ್ಟರಲ್ಲಿ ಮನೆಯೊಡತಿಯರ ಖಾತೆಗೆ ಪ್ರತಿ ತಿಂಗಳು ಹಣ ಹಾಕುವ ಸರ್ಕಾರದ ಯೋಜನೆ ಬಂತು. ಅತ್ತಿಗೆ ಅರ್ಜಿ ಹಾಕಿದರು. ತಿರಸ್ಕಾರವಾಯಿತು. ಗಂಡ ಜಿಎಸ್‌ಟಿ ರಿಟರ್ನ್ ಹಾಕುವವನಾದರೆ ಹೆಂಡತಿಗೆ ಹಣ ಇಲ್ಲ ಎನ್ನುವುದು ನಿಯಮ. ಕಚೇರಿಯವರದು ತಪ್ಪಿರಲಿಲ್ಲ. ಅಡಿಕೆಯ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ನೆಮ್ಮಾರಿನ ಅವರ ವಾರಗಿತ್ತಿಯರಿಗೆಲ್ಲ ಹಣ ಬಂತು. ಬಾರದೆ ಉಳಿದವರು ಇವರೊಬ್ಬರೇ.

ಅತ್ತಿಗೆಗೆ ಆ ಹಣ ಬೇಕಿದ್ದದ್ದು ಹಲ್ಲಿಗೆ. ಮುಂದಿನ ಹಲ್ಲುಗಳೆಲ್ಲ ಉದುರಿದ್ದವು. ನಗು ಬಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ಈಚೆಗೆ ನಗುವುದನ್ನೇ ಕಡಿಮೆ ಮಾಡಿದ್ದರು. ಹಲ್ಲಿನ ಸೆಟ್ಟಿಗೆ ಗಂಡನನ್ನು ಕೇಳುವ ಜಾಯಮಾನ ಅವರದಲ್ಲ, ಕೇಳಿದರೂ ಕೊಡಲು ಮೋಟಾರಣ್ಣನ ಹತ್ತಿರ ಇರಲಿಲ್ಲ. ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಅತ್ತಿಗೆ ಕೇಳಿದರು:

"ನಮ್ಮೋರು ಇಷ್ಟು ವರ್ಷ ಕಟ್ಟಿದ ಟ್ಯಾಕ್ಸ್ ಎಷ್ಟಾಗ್ತದೆ?"

"ಎಲ್ಲ ಸೊನ್ನೆಯೇ ಅತ್ತಿಗೆ."

"ಎಂತ ಮಾರಾಯ್ರೆ... ಆ ಸೊನ್ನೆಗೆ ನನ್ನ ಹಲ್ಲು ಹೋಯ್ತಾ?"

ನಂಬರ್ ರದ್ದು ಮಾಡಿಸಿದರೆ ದಾರಿ ಇದೆ ಎಂದೆ. ಮೋಟಾರಣ್ಣನಿಗೂ ಅದನ್ನೇ ಹೇಳಿದೆ. ಅವರು ಎದ್ದು ಹೋದರು. ಕೆಲವು ದಿನ ಗೋಡೆಯ ಆ ಕಡೆ ಗುನುಗು ನಿಂತಿತು. ನನಗೆ ಸಿಟ್ಟು ಬಂದಿತ್ತು. ಒಂದು ಕಾಗದದ ಗತ್ತಿಗೆ ಹೆಂಡತಿಯ ಬಾಯಿ ಖಾಲಿ ಬಿಡುವುದು ಎಂಥ ದೊಡ್ಡಸ್ತಿಕೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಅದಾದ ಮೇಲೆ ನೆಮ್ಮಾರಿನಲ್ಲಿ ಒಂದು ಗೃಹಪ್ರವೇಶ. ಅಲ್ಲಿ ನಡೆದದ್ದನ್ನು ಮರುದಿನ ಮೋಟಾರಣ್ಣನೇ ಬಂದು ಹೇಳಿದರು. ಹೆಂಗಸರೆಲ್ಲ ಸರ್ಕಾರದ ಹಣದಲ್ಲಿ ಏನೇನು ಕೊಂಡೆವು ಎಂದು ಹೇಳಿಕೊಳ್ಳುತ್ತಿದ್ದರಂತೆ. ಒಬ್ಬರಿಗೆ ಮಿಕ್ಸಿ, ಇನ್ನೊಬ್ಬರಿಗೆ ಕಿವಿಯ ಓಲೆ. ನೀನೆಂತ ತಗೊಂಡೆ ಎಂದು ಯಾರೋ ಇವರ ಹೆಂಡತಿಯನ್ನು ಕೇಳಿದರಂತೆ. ಆಕೆ ಚಕ್ಕುಲಿಯನ್ನು ಮೆತ್ತಗಾಗಲೆಂದು ಪಾಯಸದಲ್ಲಿ ಅದ್ದಿಟ್ಟುಕೊಂಡು ಕೂತಿದ್ದರಂತೆ. ಸೆರಗಿನ ಹಿಂದಿನಿಂದಲೇ ಹೇಳಿದರಂತೆ: "ನಮಗೆಲ್ಲ ಅದು ಬರೂದಿಲ್ಲ. ನಮ್ಮೋರು ಟ್ಯಾಕ್ಸ್ ಕಟ್ಟೋರಲ್ವಾ!"

"ಬೈದಿದ್ರೆ ಆಗ್ತಿತ್ತು," ಎಂದರು ಮೋಟಾರಣ್ಣ. "ಅವ್ಳು ಹೆಮ್ಮೆಯಿಂದ ಹೇಳಿದ್ಲು ಮಾರಾಯ್ರೆ. ನಾನು ಹೇಳ್ತೇನಲ್ಲ, ಅದೇ ಧಾಟೀಲಿ." ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರು. "ರದ್ದು ಮಾಡಿ."

ಅವತ್ತು ಮೈಮೇಲೆ ಗ್ರೀಸಿನ ಅಂಗಿಯೇ ಇತ್ತು.

ರದ್ದಾಯಿತು. ಗೋಡೆಯಿಂದ ಆ ನೋಂದಣಿ ಪತ್ರದ ಕಟ್ಟನ್ನು ಅವರೇ ಇಳಿಸಿದರು. ಇರಲಿ ಬಿಡಿ, ಯಾರು ಕೇಳುತ್ತಾರೆ ಎಂದು ನಾನೆಂದರೆ, "ಇಲ್ಲದ್ದನ್ನ ತೂಗುಹಾಕಿದ್ರೆ ಸುಳ್ಳಾಗ್ತದೆ" ಎಂದರು. ಆ ರದ್ದತಿಯ ಸುದ್ದಿ ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ ತಲುಪುವಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. ಆಮೇಲೆ ಹಣ ಬರತೊಡಗಿತು, ಅದು ಕೂಡಿದ ಮೇಲೆ ಹಲ್ಲೂ ಬಂತು. ಅತ್ತಿಗೆ ನನ್ನ ಬೆಂಚಿನ ಮೇಲೆ ಕೂತು ಕೋಡುಬಳೆ ಕಟುಂ ಎಂದು ಮುರಿದು ತಿಂದು ಬಾಯ್ತುಂಬ ನಕ್ಕರು. ಮೋಟಾರಣ್ಣ ಬಾಗಿಲಲ್ಲಿ ನಿಂತು ನೋಡಿದರು. ಅವರ ಮುಖದಲ್ಲಿ ಖುಷಿ ಇತ್ತು. ಆದರೆ ನೆಮ್ಮಾರಿನ ಪಂಕ್ತಿಯಲ್ಲಿ ಆಮೇಲೆ ಅವರು ತೆರಿಗೆಯ ಆ ಮಾತನ್ನು ಎತ್ತಲೇ ಇಲ್ಲವಂತೆ. ಹೋಗಿ ಉಂಡು ಬರುತ್ತಿದ್ದರಂತೆ, ಅಷ್ಟೆ.

ಮರುವರ್ಷ ಮೋಟಾರಣ್ಣ ಹೃದಯಾಘಾತದಿಂದ ತೀರಿಹೋದರು. ಅದಕ್ಕೆ ಎರಡು ದಿನದ ಹಿಂದಷ್ಟೇ ನನ್ನ ಹತ್ತಿರ ಟೆಸ್ಟರ್ ಕೇಳಿ ಒಯ್ದಿದ್ದರು...

ಉತ್ತರಕ್ರಿಯೆಯ ಕಾರ್ಡು ಮಾಡಿಸಲು ಅತ್ತಿಗೆ ನನ್ನಲ್ಲಿಗೇ ಬಂದರು. ಹೆಸರಿನ ಕೆಳಗೆ ಏನು ಹಾಕಲಿ, ಮೋಟಾರ್ ವೈಂಡಿಂಗ್ ಅಂತಲೇ ಎಂದು ಕೇಳಿದೆ. ಅವರು ಯೋಚಿಸಿ, "ಮಾಜಿ ತೆರಿಗೆದಾರರು ಅಂತ ಹಾಕಿ" ಎಂದರು. ನಾನು ತಲೆಯೆತ್ತಿದೆ. "ಶಾಸಕರಿಗೆ ಹಾಕೂದಿಲ್ವಾ ಮಾಜಿ ಅಂತ? ಹಾಂಗೇ. ನೆಮ್ಮಾರಿನೋರಿಗೆ ಮೊದಲು ಕೊಡ್ತೇನೆ." ಅಂಥದ್ದೊಂದು ಪದವಿ ಇಲ್ಲ ಎನ್ನಬಹುದಿತ್ತು. ಟೈಪ್ ಮಾಡಿದೆ.

ಆ ಮಳಿಗೆಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಹುಡುಗರು ಒಳ್ಳೆಯವರೇ, ಆದರೆ ಗೋಡೆಯ ಆ ಕಡೆಯಿಂದ ಕೇಳುವುದು ರಿಂಗ್‌ಟೋನ್ ಮಾತ್ರ. ಮೋಟಾರಣ್ಣ ಇಲ್ಲದ್ದು ನನಗೆ ಬೇಸರ. ಆ ಕೆಟ್ಟ ರಾಗವೂ ಇರಬೇಕಿತ್ತು ಅನ್ನಿಸುತ್ತದೆ.

ಅತ್ತಿಗೆ ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ. ಮೊಬೈಲಿಗೆ ಬರುವ ಬ್ಯಾಂಕಿನ ಮೆಸೇಜ್ ಓದಲು ಅವರಿಗೆ ಕಣ್ಣು ಸಾಲದು. ನಿನ್ನೆಯೂ ಬಂದಿದ್ದರು. ಫೋನನ್ನು ನನ್ನ ಮುಂದಿಟ್ಟು, ಪ್ರತಿ ಸಲ ಕೇಳುವ ಹಾಗೆಯೇ ಕೇಳಿದರು:

"ನಮ್ಮೋರ ದುಡ್ಡು ಬಂತಾ ನೋಡಿ ಮಾರಾಯ್ರೆ."

ಅದು ಸರ್ಕಾರದ್ದು ಎಂದು ನಾನು ಯಾವತ್ತೂ ತಿದ್ದಿಲ್ಲ. ಬಂದಿದೆ ಅತ್ತಿಗೆ, ಎಂದೆ.