ಮುಳ್ಳು ಆಯ್ತಾ?

ಮುನಿತಾಯಮ್ಮನ ಮೂಗಿನ ಎರಡೂ ಕಡೆ ದಪ್ಪ ಹರಳಿನ ಬೊಟ್ಟುಗಳಿದ್ದವು. ಅಷ್ಟು ಭಾರ ಹೊತ್ತುಕೊಂಡೂ ಆ ಮೂಗು ಮಾಡುತ್ತಿದ್ದ ಕೆಲಸ ನೋಡಿದರೆ ನಮ್ಮ ಕಟ್ಟಡಕ್ಕೆ ಕ್ಯಾಮೆರಾ ಹಾಕಿಸಿದ್ದೇ ದಂಡ ಅನ್ನಿಸುತ್ತಿತ್ತು. ಕೆಳಗೆ ಜಗಲಿಯ ಮೇಲೆ ಕೂತೇ ಮೂರನೆಯ ಮಹಡಿಯಲ್ಲಿ ಹಾಲು ಉಕ್ಕಿದ್ದು, ಎರಡನೆಯ ಮಹಡಿಯ ಬ್ಯಾಚುಲರ್ ಹುಡುಗರು ಬಾಗಿಲು ಹಾಕಿಕೊಂಡು ಸಿಗರೇಟು ಹಚ್ಚಿದ್ದು ಅವರಿಗೆ ತಿಳಿದುಬಿಡುತ್ತಿತ್ತು. "ಏಯ್ ಮ್ಯಾಲ್ಗಡೆಯೋರೇ, ಬ್ಯಾಳೆ ಸೀದೋಯ್ತಾ ಅದೆ, ಇಳ್ಸಿ!" ಎಂದು ಕೂಗಿದರೆ ನಾಲ್ಕು ಮನೆಯವರೂ ಒಲೆಯ ಹತ್ತಿರ ಓಡುತ್ತಿದ್ದೆವು. ಯಾರ ಬೇಳೆ ಎಂದು ಅವರು ಹೇಳುತ್ತಿರಲಿಲ್ಲ, ಮಾನ ಉಳಿಸುತ್ತಿದ್ದರು. ವರ್ತೂರು ಕೆರೆಯ ಕಡೆಯಿಂದ ಗಾಳಿ ತಿರುಗಿದರೆ ಮಾತ್ರ ಮುಖ ಕಿವುಚಿಕೊಳ್ಳುತ್ತಿದ್ದರು. "ಇದೇ ನೀರಲ್ಲಿ ನಾವು ಕೊತ್ತಂಬ್ರಿ ಬೆಳೀತಿದ್ವಿ ಕಣಮ್ಮ. ಈಗ ನೋಡು, ಮೂಗು ಇರೋದೇ ಒಂದು ಶಿಕ್ಷೆ" ಎನ್ನುತ್ತಿದ್ದರು.

ಅವರ ಕೊತ್ತಂಬರಿ ಹೊಲ ಅಪಾರ್ಟ್‌ಮೆಂಟ್ ಆಗಿ ಹೋಗಿತ್ತು. ಉಳಿದ ಸೈಟಿನಲ್ಲಿ ಮಕ್ಕಳು ಬಾಡಿಗೆಗೆಂದು ಎಬ್ಬಿಸಿದ ಕಟ್ಟಡದಲ್ಲಿ ನಾವೂ ಒಂದು ಮನೆ ಹಿಡಿದಿದ್ದೆವು. ಗಂಡನಿಗೆ ದೊಡ್ಡನೆಕ್ಕುಂದಿಯ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟು ಕೆಲಸ. ನನಗೆ ವೈಟ್‌ಫೀಲ್ಡಿನ ಟೆಕ್ ಪಾರ್ಕೊಂದರ ರಿಸೆಪ್ಶನ್ನಿನಲ್ಲಿ ನಗುತ್ತಾ ನಿಲ್ಲುವ ಕೆಲಸ. ಸ್ಕೂಲಿನಿಂದ ಬಂದ ಮಗಳು ಇಂಚರ ನಾನು ಬಸ್ಸಿಳಿದು ಮನೆ ಸೇರುವ ತನಕ ಮುನಿತಾಯಮ್ಮನ ಜಗಲಿಯಲ್ಲೇ ಇರುತ್ತಿದ್ದಳು. ಆ ಹೆಸರು ಅವರ ಬಾಯಲ್ಲಿ ನಿಲ್ಲಲಿಲ್ಲ. "ಅದೇನ್ ಎಸ್ರೋ! ಅಡಿ ಇಂಚು ಲೆಕ್ಕ ಇದ್ದಂಗದೆ" ಎಂದು ಇಂಚ್ರಿ ಎಂದು ಕರೆದರು. ಮಗಳೂ ಅದಕ್ಕೇ ಓಗೊಟ್ಟಳು.

ಇಂಚರ ಎರಡನೆಯ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ನಾನು ಬರುತ್ತಿದ್ದಂತೆ ಮುನಿತಾಯಮ್ಮ ದೂರು ಹೇಳಿದರು. "ನಿನ್ ಮಗ್ಳು ಕಳ್ಳಿ ಕಣಮ್ಮ. ಎಲ್ಲೋ ಕಳ್ತೋದ ಅಣ್ಣು ತಿಂದವ್ಳೆ. ಬಾಯಿ ಗಮ್ ಅಂತದೆ, ಕೇಳುದ್ರೆ ಇಲ್ಲ ಅಂತವ್ಳೆ." ನಾನೂ ಬೈದೆ. ಮಗು ನೀರು ಬೇಕು ಎಂದು ಅಳುತ್ತಿತ್ತು. ಮರುದಿನ ಅವಳು ಕಣ್ಣೇ ಬಿಡದೆ ಮಲಗಿದ್ದಾಗ ಎತ್ತಿಕೊಂಡು ಓಡಿದೆವು. ಹಣ್ಣಿನ ವಾಸನೆ ಹಣ್ಣಿನದಲ್ಲ ಎಂದು ಡಾಕ್ಟರ್ ಹೇಳಿದರು. ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತಿದೆ, ಇನ್ನು ಮುಂದೆ ಬೆಳಿಗ್ಗೆ ಒಂದು, ಸಂಜೆ ಊಟಕ್ಕೆ ಮೊದಲು ಒಂದು ಇಂಜೆಕ್ಷನ್, ಬದುಕಿರುವ ತನಕ ಎಂದರು. ಎಷ್ಟು ವರ್ಷ ಎಂದು ನನ್ನ ಗಂಡ ಮತ್ತೆ ಮತ್ತೆ ಕೇಳುತ್ತಿದ್ದರು. ಡಾಕ್ಟರ್ ಬೇಸರವಿಲ್ಲದೆ ಪ್ರತಿ ಸಲವೂ ಅದೇ ಉತ್ತರ ಕೊಟ್ಟರು.

ಬೆಳಗಿನದನ್ನು ನಾನು ಕೊಡುತ್ತಿದ್ದೆ. ಸಂಜೆಯದು ಜಗಲಿಯ ಪಾಲಾಯಿತು. ಪೆನ್ನಿನಂಥ ಸಾಧನ, ಅಂಕಿ ತಿರುಗಿಸಿ ಹೊಟ್ಟೆಗೆ ಚುಚ್ಚುವುದು. ಮಗಳು ತಾನೇ ಮಾಡಿಕೊಳ್ಳಲು ಕಲಿತಿದ್ದಳು, ಹತ್ತಿರ ಕೂತು ಧೈರ್ಯ ಹೇಳಲು ಒಬ್ಬರು ಬೇಕಿತ್ತು ಅಷ್ಟೆ. ಕೇಳಿದ್ದೇ ಮುನಿತಾಯಮ್ಮ ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡರು. "ದೀಪ ಅಚ್ಚಿದ್ ಮ್ಯಾಕೆ ಸೂಜಿ ಎಸ್ರು ಎತ್ತಬಾರ್ದು. ಅಂಗ್ಡಿಯೋನೂ ಕೊಡಲ್ಲ, ಪಕ್ಕದ್ ಮನೆಯೋಳೂ ಕೊಡಲ್ಲ. ಲಕ್ಷ್ಮಿ ಎದ್ದೋಯ್ತಾಳೆ." ನನಗೆ ಸಿಟ್ಟು ನೆತ್ತಿಗೇರಿತು. ನಿಮ್ಮ ಲಕ್ಷ್ಮಿ ದೊಡ್ಡವಳೋ ನನ್ನ ಮಗಳೋ ಎಂದುಬಿಟ್ಟೆ. ಅವರು ಎಲೆಅಡಿಕೆ ಅಗಿಯುತ್ತಾ ಕೂತರು.

ಮರುದಿನ ಸಂಜೆ ಅವರೇ ದಾರಿ ಹುಡುಕಿಕೊಂಡಿದ್ದರು. "ಸೂಜಿ ಅನ್ನಬ್ಯಾಡಿ. ಮುಳ್ಳು ಅನ್ನಿ. ಮುಳ್ಳಿಗೆ ಒತ್ತು ಗೊತ್ತಿಲ್ಲ." ಮುಳ್ಳಿಗೆ ಹಗಲು ರಾತ್ರಿಯ ಹೊತ್ತಿನ ಕಟ್ಟಿಲ್ಲವಂತೆ. ನಂತರ ಮಗಳನ್ನು ಮಡಿಲ ಹತ್ತಿರ ಎಳೆದುಕೊಂಡು ಹೇಳಿದರು: "ನಿನ್ ಒಟ್ಟೆ ಒಳ್ಗೆ ಒಂದು ಮುಳ್ಳು ಮುರ್ಕೊಂಡದೆ ಕಣೇ ಇಂಚ್ರಿ. ಮುಳ್ಳನ್ನ ಮುಳ್ಳಲ್ಲೇ ತೆಗೀಬೇಕು. ಎಲ್ಲಿ, ಅಂಗಿ ಎತ್ತು." ಡಾಕ್ಟರು, ನರ್ಸು, ನಾನು, ಬಣ್ಣದ ಸ್ಟಿಕರು, ಯಾವುದಕ್ಕೂ ಬಗ್ಗದೆ ರಂಪ ಮಾಡುತ್ತಿದ್ದ ಹುಡುಗಿ ಆ ಒಂದು ಮಾತಿಗೆ ಅಂಗಿ ಎತ್ತಿದಳು. ನನಗೆ ಖುಷಿಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು.

ಅಂದಿನಿಂದ ನಮ್ಮ ಮನೆಯಲ್ಲೂ ಅದು ಮುಳ್ಳೇ ಆಯಿತು. ಸಂಜೆ ರಿಸೆಪ್ಶನ್ ಮೇಜಿನ ಹಿಂದಿನಿಂದ ಫೋನು ಮಾಡಿ ನಾನು ಕೇಳುತ್ತಿದ್ದುದು ಎರಡೇ ಮಾತು: "ಮುಳ್ಳು ಆಯ್ತಾ?" ಆ ಕಡೆಯಿಂದ ಮಗಳು "ಆಯ್ತು" ಎಂದ ಮೇಲೆ ಮತ್ತೆ ಬಂದವರಿಗೆ ನಗು ಹಂಚಲು ನಿಲ್ಲುತ್ತಿದ್ದೆ.

ಕೆಲವು ತಿಂಗಳ ನಂತರ ಪರೀಕ್ಷೆಗೆ ಹೋದಾಗ ಡಾಕ್ಟರ್ ಬೆನ್ನು ತಟ್ಟಿದರು. ಸಕ್ಕರೆ ಪೂರ್ತಿ ಹತೋಟಿಗೆ ಬಂದಿದೆ, ಹೀಗೇ ಮುಂದುವರಿಸಿ ಎಂದರು. ಮೆಟ್ಟಿಲು ಹತ್ತುವ ಮೊದಲೇ ನಾನು ಜಗಲಿಯ ಬಳಿ ನಿಂತು, "ಎಲ್ಲ ಸರಿಯಾಗಿದೆಯಂತೆ ಕಣಮ್ಮ" ಎಂದು ಕೂಗಿ ಹೇಳಿದೆ. ಮುನಿತಾಯಮ್ಮ ಮಗಳಿಗೆ ದೃಷ್ಟಿ ತೆಗೆದು ಮೆಣಸಿನಕಾಯಿಯನ್ನು ಒಲೆಗೆ ಹಾಕಿದರು. ಘಾಟು ಬರಲಿಲ್ಲ, ದೃಷ್ಟಿ ಪೂರ್ತಿ ಇಳಿಯಿತು ಎಂದು ಇನ್ನಷ್ಟು ಹಿಗ್ಗಿದರು.

ಆ ವಾರವೂ ನಾನು ಎಂದಿನಂತೆ ಫೋನು ಮಾಡಿದೆ. "ಮುಳ್ಳು ಆಯ್ತಾ?" "ಆಯ್ತಮ್ಮ." ಮಗಳ ದನಿಯಲ್ಲಿ ಹಿಂದೆಂದೂ ಇಲ್ಲದ ಉಲ್ಲಾಸ. ಬೆಳಗಿನ ಸಕ್ಕರೆಯ ಅಂಕಿ ಏರುತ್ತಿತ್ತು. ಬಿಸಿಲಿಗೆ ಮದ್ದು ಕೆಟ್ಟಿರಬೇಕು ಎಂದುಕೊಂಡು ಹೊಸದು ತಂದೆ. ವಾರ ಮುಗಿಯುವಷ್ಟರಲ್ಲಿ ಮಗು ವಾಂತಿ ಮಾಡಿಕೊಂಡು ಬಾಡಿಹೋಯಿತು. ಬಾಯಲ್ಲಿ ಮತ್ತೆ ಆ ಕಳಿತ ಹಣ್ಣಿನ ವಾಸನೆ. ಈ ಸಲ ಅದು ನನ್ನ ಮೂಗಿಗೂ ಬಂತು.

ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದ ಮೇಲೆ ಇಂಚರಳನ್ನು ಕೇಳಿದೆ, ವಾರವಿಡೀ ಸಂಜೆಯ ಮದ್ದು ಬಿಟ್ಟು ಯಾಕೆ ಸುಳ್ಳು ಹೇಳಿದೆ ಎಂದು. ಅವಳು ನನ್ನನ್ನೇ ತಪ್ಪು ಮಾಡಿದವಳಂತೆ ನೋಡಿದಳು. "ಸುಳ್ಳು ಹೇಳಿಲ್ಲಮ್ಮ. ಎಲ್ಲ ಸರಿಯಾಗಿದೆ ಅಂತ ನೀನು ಕೂಗಿದ್ಯಲ್ಲ, ಅವತ್ತೇ ಮುಳ್ಳು ಆಯ್ತು ಅಂತ ಅಜ್ಜೀನೇ ಹೇಳಿದ್ದು. ಆಚೆಗೆ ಬಂದ್ಬಿಡ್ತಂತೆ. ಆಯ್ತು ಅಂದ್ರೆ ಮುಗೀತು ಅಂತ ತಾನೆ?" ನಾನು ಕೇಳಿದ್ದು ಒಂದು ಆಯ್ತು, ಅವಳು ಹೇಳಿದ್ದು ಇನ್ನೊಂದು. ಮುಳ್ಳು ಹೊರಬಂದ ಮೇಲೂ ಪಿನ್ನು ಹಿಡಿದು ಕೆದಕುವವರು ಊರಲ್ಲಿ ಯಾರಾದರೂ ಇದ್ದಾರೆಯೇ?

ಮುನಿತಾಯಮ್ಮ ವಾರ್ಡಿನ ಬಾಗಿಲಲ್ಲೇ ಕುಸಿದು ಕೂತರು. "ನನ್ ನಾಲ್ಗೆಗೆ ಬೆಂಕಿ ಆಕ" ಎಂದು ಹಣೆ ಹಣೆ ಬಡಿದುಕೊಂಡರು. ಬೈಯಬೇಕೆಂದು ಹೋದ ನಾನು ಅವರ ರಟ್ಟೆ ಹಿಡಿದು ಎಬ್ಬಿಸಿದೆ. ಮಗಳು ಮನೆಗೆ ಬಂದ ದಿನ ಅವರು ತಮ್ಮ ಮಾತನ್ನು ತಾವೇ ರಿಪೇರಿ ಮಾಡಿದರು. "ನಾನ್ ಏಳಿದ್ದು ತೆಪ್ಪು ಕಣೇ. ಅದು ಮುಳ್ಳಲ್ಲ, ಜಾಲಿ ಮರ. ಒಳ್ಗೇ ಬೇರು ಬಿಟ್ಟದೆ. ದಿನಾ ಮುಳ್ಳು ಬಿಡ್ತದೆ, ದಿನಾ ತೆಗೀಬೇಕು. ನೀನ್ ಮುದ್ಕಿ ಆಗೋಗಂಟ." ಇಂಚರ ಹೊಟ್ಟೆ ಮುಟ್ಟಿ ನೋಡಿಕೊಂಡಳು.

ಆಮೇಲಿಂದ ಬಾಯಿಮಾತನ್ನು ಅವರು ನಂಬಲಿಲ್ಲ, ಮೂಗನ್ನು ನಂಬಿದರು. ಚುಚ್ಚುವ ಮೊದಲು ಪೆನ್ನಿನ ತುದಿಯಿಂದ ಒಂದು ತೊಟ್ಟು ಹೊರಗೆ ಚಿಮ್ಮಿಸಿ ನೋಡಬೇಕು. ಅದನ್ನು ಬೆರಳಲ್ಲಿ ಒರೆಸಿದರೆ ಫಿನಾಯಿಲಿನಂಥ ಸಣ್ಣ ಕಮಟು ಉಳಿಯುತ್ತದೆ. ದಿನಾ ಸಂಜೆ ಮುನಿತಾಯಮ್ಮ ಹುಡುಗಿಯ ಕೈ ಹಿಡಿದು ಬೆರಳನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು, "ಊಂ, ಆಗ್ಯದೆ. ಉಣ್ಣು ನಡಿ" ಎನ್ನುತ್ತಿದ್ದರು. ಆ ಅಪ್ಪಣೆ ಇಲ್ಲದೆ ತಟ್ಟೆಗೆ ಮುದ್ದೆ ಬೀಳುತ್ತಿರಲಿಲ್ಲ. ಇಂಚರ ಕಿಲಕಿಲ ನಗುತ್ತಿದ್ದಳು, ಮೂಗುಬೊಟ್ಟು ಚುಚ್ಚುತ್ತದೆ ಎನ್ನುತ್ತಿದ್ದಳು. ನಾಲ್ಕು ವರ್ಷ ಒಂದು ಸಂಜೆಯೂ ತಪ್ಪಲಿಲ್ಲ. ಅವು ನಮ್ಮ ಒಳ್ಳೆಯ ವರ್ಷಗಳು.

ಹೀಗೆ ಕಾವಲು ಕೂತಿದ್ದ ಮುನಿತಾಯಮ್ಮನಿಗೂ ಸಕ್ಕರೆ ಕಾಯಿಲೆಯಿತ್ತು. ಅವರದು ವಯಸ್ಸಿನದು, ಮಾತ್ರೆಯದು. ಮೈ ಹಗುರವಾದ ದಿನ ಮಾತ್ರೆ ಬಿಡುವುದು, ತಲೆ ಸುತ್ತಿದ ದಿನ ಎರಡು ನುಂಗುವುದು ಅವರ ಪದ್ಧತಿ. ಹಬ್ಬಕ್ಕೆ ಒಬ್ಬಟ್ಟು ತಿನ್ನುವಾಗ ಮಾತ್ರ ನನ್ನ ಮಗಳಿಗೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ಕೊನೆಗೆ ಹೆಬ್ಬೆರಳ ಗಾಯವೊಂದು ಮಾಯದೆ ಕಪ್ಪಾಗತೊಡಗಿತು. ಡಾಕ್ಟರು ಇನ್ಸುಲಿನ್ ಬರೆದರು. ಮುನಿತಾಯಮ್ಮ ಚೀಟಿಯನ್ನು ಮಡಚಿ ಎಲೆಅಡಿಕೆ ಚೀಲಕ್ಕೆ ಸೇರಿಸಿ, "ನಾನ್ ಚುಚ್ಚಿಸ್ಕಳಾಕಿಲ್ಲ" ಎಂದುಬಿಟ್ಟರು. ಗಂಡುಮಕ್ಕಳು ಗದರಿದರು, ಸೊಸೆಯಂದಿರು ಬೇಡಿಕೊಂಡರು. ನಾನು ಕಾಲು ಹಿಡಿಯುವುದೊಂದು ಬಾಕಿ.

ಕೊನೆಗೆ ಇಂಚರ ತನ್ನ ಪೆನ್ನಿನ ಪೆಟ್ಟಿಗೆ ಹಿಡಿದುಕೊಂಡು ಹೋದಳು. ಆಗ ಅವಳಿಗೆ ಹನ್ನೆರಡು. "ಅಜ್ಜಿ, ನಿಮ್ದೂ ಜಾಲಿ ಮರಾನೇ. ಒಂಚೂರೂ ನೋಯಲ್ಲ, ನಾನೇ ಹಾಕ್ತೀನಿ. ಅಂಗಿ ಎತ್ತಿ ಅಂತೀನಿ ನೋಡಿ ಈಗ." ಮುನಿತಾಯಮ್ಮ ನಕ್ಕು ಅವಳ ಕೆನ್ನೆ ಸವರಿದರು. "ನಂದು ಒಣಗೋದ್ ಮರ ಕಣೇ. ಅದ್ರಲ್ಲಿ ಮುಳ್ಳೆಲ್ಲಿ ಬತ್ತದೆ? ಓಗು, ಓದ್ಕೋ."

ಮಗಳು ಮೆಟ್ಟಿಲು ಹತ್ತಿ ಬಂದು ಪೆಟ್ಟಿಗೆಯನ್ನು ಹಾಸಿಗೆಯ ಮೇಲೆ ಎಸೆದಳು. "ಅಜ್ಜೀನೇ ತಗೊಳ್ಳಲ್ವಂತೆ. ನಾನ್ಯಾಕೆ ತಗೋಬೇಕು?" ಅವರ ಕಾಯಿಲೆ ಬೇರೆ, ನಿನ್ನದು ಬೇರೆ, ಮದ್ದು ತಪ್ಪಿದರೆ ಕೆಡಲು ಅವರಿಗೆ ವರ್ಷಗಳು ಬೇಕು, ನಿನಗೆ ದಿನಗಳು ಸಾಕು ಎಂದೆಲ್ಲ ವಿವರಿಸಿದೆ. ಪಾಠ ಒಪ್ಪಿಸಿದಂತಾಯಿತು. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅಂದು ಸಂಜೆ ಮುಳ್ಳು ತೆಗೆಸಲು ನಾನು ಅಳಬೇಕಾಯಿತು.

ಮುನಿತಾಯಮ್ಮನನ್ನು ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ. ಮೊಣಕಾಲಿನ ಕೆಳಗೆ ಹೊದಿಕೆ ಬರಿದಾಗಿ ಚಪ್ಪಟೆಯಾಗಿತ್ತು. ಇಂಚರಳನ್ನು ಸ್ಕೂಲಿನಿಂದ ನೇರ ಕರೆದುಕೊಂಡು ಹೋಗಿದ್ದೆ. ಗೇಟಿನ ಬಳಿಯ ಬೇಕರಿಯಲ್ಲಿ ನಾನು ಬೇಡವೆಂದರೂ ಕೇಳದೆ ಎಗ್ ಪಫ್ ತಿಂದಿದ್ದಳು. ಪೆನ್ನು ಅವಳ ಚೀಲದಲ್ಲೇ ಇತ್ತು. ತೆಗೆ ಎಂದರೆ, ಇಲ್ಲಿ ಎಲ್ಲರೆದುರು ಆಗಲ್ಲ ಎಂದಳು. ನಾವು ಹೋದಾಗ ಮುನಿತಾಯಮ್ಮ ಕಣ್ಣು ಮುಚ್ಚಿಯೇ ಇದ್ದರು. "ಯಾರೋ ಕಿತ್ಲೆಅಣ್ಣು ಸುಲೀತಾವ್ರೆ" ಎಂದರು. ಪರದೆಯ ಆಚೆ, ಪಕ್ಕದ ಮಂಚದವರು ನಿಜವಾಗಿಯೂ ಕಿತ್ತಳೆ ಸುಲಿಯುತ್ತಿದ್ದರು.

ಅಷ್ಟರಲ್ಲಿ ನರ್ಸು ಬಂದು ಟ್ಯೂಬ್‌ಲೈಟ್ ಹಾಕಿದಳು. ಮುನಿತಾಯಮ್ಮ ಮಲಗಿದ್ದಲ್ಲಿಂದಲೇ ಅದಕ್ಕೆ ಕೈಮುಗಿದು ನಮ್ಮ ಕಡೆ ತಿರುಗಿದರು. "ಇಂಚ್ರಿ, ದೀಪ ಅತ್ಕೊಂಡ್ತು. ಮುಳ್ಳು ಆಯ್ತಾ ಮಗಾ?"

"ಆಯ್ತಜ್ಜಿ."

ಅವರು ಕೈ ಚಾಚಿದರು. ಮಗಳು ಬೆರಳು ಕೊಡಲೇಬೇಕಾಯಿತು. ಹರಳಿನ ಬೊಟ್ಟುಗಳನ್ನು ಆಪರೇಷನ್ನಿಗೆಂದು ಬಿಚ್ಚಿದ್ದರು, ಬರೀ ಮೂಗು ತೂತು ತೂತಾಗಿ ಯಾರದೋ ಮೂಗಿನಂತೆ ಕಾಣುತ್ತಿತ್ತು. ಬೆರಳನ್ನು ಅದಕ್ಕೆ ಒತ್ತಿಕೊಂಡು ಉಸಿರೆಳೆದರು. ಬಹಳ ಹೊತ್ತು ಹಾಗೇ ಹಿಡಿದಿದ್ದರು. ಇನ್ನೇನು ಬೈಯುತ್ತಾರೆ, ಬೈಯಲಿ, ಅವರು ಬೈದರಾದರೂ ಇವಳು ಕೇಳುತ್ತಾಳೆ ಎಂದು ನಾನು ದೇವರಲ್ಲಿ ಬೇಡಿಕೊಂಡೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಕಣ್ಣು ಮುಚ್ಚಿದರು.

"ಊಂ, ಆಗ್ಯದೆ" ಎಂದರು.

ಆಟೋದಲ್ಲಿ ಇಂಚರ ಬಿಕ್ಕಿ ಬಿಕ್ಕಿ ಅತ್ತಳು. "ಅಜ್ಜಿ ಮೂಗು ಹೋಗ್ಬಿಟ್ಟಿದೆ ಅಮ್ಮ. ಪಫ್ ವಾಸನೆನೂ ಗೊತ್ತಾಗಲಿಲ್ಲ." ನಾನು ಹೂಂ ಎಂದೆ. ಕಿತ್ತಳೆ ಹಣ್ಣಿನ ವಿಷಯ ಎತ್ತಲಿಲ್ಲ. ಗೊತ್ತಿದ್ದೂ ಯಾಕೆ ಬಿಟ್ಟುಕೊಟ್ಟರೋ ಈಗಲೂ ನನಗೆ ತಿಳಿಯದು. ತಾವೇ ಚುಚ್ಚಿಸಿಕೊಳ್ಳದೆ ಕಾಲು ಕಳೆದುಕೊಂಡು ಮಲಗಿರುವಾಗ ಯಾವ ಬಾಯಿಂದ ಬೈಯುವುದು ಎಂದುಕೊಂಡರೋ, ಸಾಯುವ ಹೊತ್ತಲ್ಲಿ ಮಗುವನ್ನು ನಾಲ್ಕು ಜನರೆದುರು ಸುಳ್ಳಿ ಮಾಡುವುದು ಬೇಡವೆನ್ನಿಸಿತೋ. ಎರಡು ದಿನಕ್ಕೆ ಅವರು ಹೋದರು. ಜಗಲಿಯ ಆ ಜಾಗದಲ್ಲಿ ಈಗ ಅವರ ಗಂಡುಮಕ್ಕಳು ಡೆಲಿವರಿ ಪಾರ್ಸೆಲ್ ಇಡುವ ಕಪಾಟು ಮಾಡಿಸಿದ್ದಾರೆ. ಮೇಲೆ ಬೇಳೆ ಸೀದರೆ ಸೀದದ್ದೇ, ಕೂಗುವವರಿಲ್ಲ.

ಈಗ ನಾನು ಸಂಜೆಯ ಪಾಳಿ ಬಿಡಿಸಿಕೊಂಡು ಮನೆಯಲ್ಲಿರುತ್ತೇನೆ. ಹದಿಮೂರು ತುಂಬಿದ ಮಗಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಮುಳ್ಳು ತೆಗೆದುಕೊಳ್ಳುತ್ತಾಳೆ. ಹೊರಗೆ ಬಂದವಳು ಕೇಳುವ ಮೊದಲೇ ಬೆರಳು ಚಾಚುತ್ತಾಳೆ. ಮೂಸುತ್ತೇನೆ. ಕಮಟು ಇರುತ್ತದೆ, ಯಾವತ್ತೂ ಇರುತ್ತದೆ. ಆದರೆ ಕಳೆದ ಮೂರು ತಿಂಗಳು ಒಳಗೆ ಹೇಗಿತ್ತು ಎಂದು ತಿಳಿಸುವ ರಕ್ತಪರೀಕ್ಷೆಯ ಫಲಿತಾಂಶ ಪ್ರತಿ ಸಲ ಹಿಂದಿನದಕ್ಕಿಂತ ಕೆಟ್ಟದಾಗಿ ಬರುತ್ತಿದೆ. ಒಮ್ಮೆ ಹಟ ಹಿಡಿದು ಕಣ್ಣೆದುರೇ ಚುಚ್ಚಿಸಿದ್ದಕ್ಕೆ ಮರುದಿನವೆಲ್ಲ ಊಟ ಬಿಟ್ಟು ತಲೆ ತಿರುಗಿ ಬಿದ್ದಳು. ಪೊಲೀಸ್ ಆಗ್ಬೇಡಿ ಮೇಡಂ, ನಿಧಾನವಾಗಿ ಮಾತಾಡಿ ಎನ್ನುತ್ತಾರೆ ಡಾಕ್ಟರು. ಏನು ಮಾತಾಡುವುದು? ಮಾತು ಇದ್ದದ್ದು ಮುನಿತಾಯಮ್ಮನ ಹತ್ತಿರ.

ವಾಸನೆಗೆ ಒಂದು ತೊಟ್ಟು ಸಾಕು. ಪೆನ್ನಿನಿಂದ ಬೆರಳಿಗೆ ಒಂದು ತೊಟ್ಟು ಹಾಕಿಕೊಂಡು ಉಳಿದದ್ದನ್ನು ಬಚ್ಚಲಿಗೆ ಬಿಟ್ಟರೂ ಬೆರಳಲ್ಲಿ ಇದೇ ಕಮಟು ಇರುತ್ತದೆ. ಅದು ನನಗೆ ಗೊತ್ತು, ನನಗೆ ಗೊತ್ತೆಂದು ಅವಳಿಗೂ ಗೊತ್ತು.

ನಿನ್ನೆಯೂ ದೀಪ ಹಚ್ಚಿದೆ. ಬಚ್ಚಲ ಚಿಲಕ ತೆಗೆದ ಸದ್ದಾಯಿತು.

"ಮುಳ್ಳು ಆಯ್ತಾ?"

"ಆಯ್ತು."

ಅವಳ ಬೆರಳನ್ನು ಮೂಗಿಗೆ ಒತ್ತಿಕೊಂಡೆ. ಎಷ್ಟು ಹೊತ್ತು ಹಿಡಿದುಕೊಂಡೆನೋ, ಅವಳೂ ಎಳೆದುಕೊಳ್ಳಲಿಲ್ಲ.

"ಊಂ, ಆಗಿದೆ" ಎಂದೆ. "ಊಟಕ್ಕೆ ನಡಿ."