ಎಂಜಿನ್ ಬಾಯಿಗೆ ಹಿಡಿಯುವ ಹಲಗೆ

ಹಿಟ್ಟಿನ ಗಿರಣಿ ಮುಚ್ಚುವುದೆಂದು ತೀರ್ಮಾನವಾದ ಮೇಲೆ ಗುಜರಿಯವನನ್ನು ಕರೆಸಿದ್ದೆ. ಅವನು ಎಂಜಿನ್ನು, ಬೆಲ್ಟು, ತುಕ್ಕು ಹಿಡಿದ ತಕ್ಕಡಿ ಎಲ್ಲವನ್ನೂ ನೋಡಿ, ನನ್ನನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿ, ತೂಕಕ್ಕೆ ಬರುವುದನ್ನಷ್ಟೇ ಹೊರಗೆ ಸಾಗಿಸಿದ. ಎಂಜಿನ್ ಎತ್ತಿದಾಗ ಅದರ ಹಿಂದೆ ಗೋಡೆಗೆ ಒರಗಿದ್ದ ಹಲಗೆಯೊಂದು ಧೊಪ್ಪನೆ ಬಿತ್ತು. ಮೊಳ ಉದ್ದ, ಗೇಣು ಅಗಲ, ಒಂದು ಮುಖಕ್ಕೆ ಲಾರಿ ಟ್ಯೂಬಿನ ರಬ್ಬರು ಬಿಗಿದು ಮೊಳೆ ಹೊಡೆದದ್ದು. "ಕಟ್ಟಿಗೆ ನಮ್ಗೆ ಬ್ಯಾಡ್ರಿ ಅಜ್ಜಾರೆ" ಎಂದು ಗುಜರಿಯವನು ಅದನ್ನು ಕಾಲಲ್ಲೇ ಪಕ್ಕಕ್ಕೆ ಸರಿಸಿದ. ನಾನು ಎತ್ತಿಕೊಂಡೆ. ಹಳೇ ರಬ್ಬರು, ಡೀಸೆಲ್ಲು, ಸುಟ್ಟ ಆಯಿಲ್ಲು ಸೇರಿದ ಆ ವಾಸನೆ ಮೂಗಿಗೆ ಬಡಿಯಿತು. ಆದರೆ ಎಚ್ಚೆತ್ತದ್ದು ಕಿವಿ. ಖಾಲಿಯಾದ ಗಿರಣಿಯೊಳಗೆ ಎಲ್ಲೋ ಒಂದು ಎಂಜಿನ್ ದನಿ ಏರಿಸುತ್ತಾ, ಏರಿಸುತ್ತಾ ಹೋದಂತೆ...

ಇದು ಎಪ್ಪತ್ತರ ದಶಕದ ನಡುವಿನಿಂದ ಎಂಬತ್ತರ ಮೊದಲ ಕೆಲವು ವರ್ಷಗಳವರೆಗಿನ ಮಾತು. ಪೆಟ್ರೋಲಿನ ಬೆಲೆ ಮೇಲೆ ಹತ್ತಿ ಕೂತಿತ್ತು, ಇಳಿಯುವ ಲಕ್ಷಣ ಇರಲಿಲ್ಲ. ನಮ್ಮ ಸೀಮೆಯಲ್ಲಿ ಮಿಲಿಟರಿಯವರು ಬಿಟ್ಟ ಹಳೇ ಪಿಕಪ್ಪುಗಳನ್ನು ಹರಾಜಿನಲ್ಲಿ ಹಿಡಿದು, ಹೆತ್ತ ಮಕ್ಕಳಿಗಿಂತ ಹೆಚ್ಚು ಮುದ್ದಿನಿಂದ ಸಾಕುತ್ತಿದ್ದ ಮೂವರಿದ್ದೆವು. ಚನ್ನಗಿರಿಯಲ್ಲಿ ಒಬ್ಬ ಅಡಿಕೆ ವ್ಯಾಪಾರಿ, ಜಗಳೂರಿನಲ್ಲಿ ಒಬ್ಬ ಕಂಬಳಿ ವ್ಯಾಪಾರಿ, ಹೊನ್ನಾಳಿಯಲ್ಲಿ ಗಿರಣಿ ಇಟ್ಟಿದ್ದ ನಾನು. ಈ ಗಾಡಿಗಳು ಪೆಟ್ರೋಲನ್ನು ನೀರಿನ ಹಾಗೆ ಕುಡಿಯುತ್ತಿದ್ದವು. ಆದ್ದರಿಂದ ಪೆಟ್ರೋಲ್ ಎಂಜಿನ್ ಇಳಿಸಿ, ಎಲ್ಲಿಂದಲೋ ತಂದ ಹಳೇ ಡೀಸೆಲ್ ಎಂಜಿನ್ ಕೂರಿಸುವುದೇ ನಮ್ಮ ಪರಮ ಧರ್ಮವಾಯಿತು. ಅದು ಕೂರಬೇಕಾದರೆ ಛಾಸಿ ಕೊಯ್ಯಬೇಕು, ಬಾನೆಟ್ ಉಬ್ಬಿಸಬೇಕು, ಹೆಂಡತಿಯರ ಬಾಯಿಗೆ ಬೀಳಬೇಕು. ಎಲ್ಲವನ್ನೂ ಕ್ರಮವಾಗಿ ಮಾಡಿದೆವು. ಹೀಗೆ ಸಂಘವೊಂದು ತಾನಾಗಿ ಹುಟ್ಟಿತು. ಅದಕ್ಕೆ ಕಚೇರಿ ಇರಲಿಲ್ಲ, ಮೊಹರು ಇರಲಿಲ್ಲ, ಧ್ಯೇಯೋದ್ದೇಶಗಳಂತೂ ಇರಲೇ ಇಲ್ಲ. ಆದರೆ ಅಧ್ಯಕ್ಷರು ಇದ್ದರು. ಚನ್ನಗಿರಿಯ ಅಡಿಕೆ ವ್ಯಾಪಾರಿ ನಮಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ಕೊಡಿಸಿದ ಮೊದಲ ದಿನವೇ ಅವಿರೋಧವಾಗಿ ಆಯ್ಕೆಯಾಗಿದ್ದರು.

ನಾನು ಹೇಳಹೊರಟದ್ದು ಸಂಘದ ನಾಲ್ಕನೆಯವರ ವಿಷಯ. ಅವರಿಗೆ ಗಾಡಿ ಇರಲಿಲ್ಲ. ನ್ಯಾಮತಿಯ ಬಸ್‌ಸ್ಟ್ಯಾಂಡಿನ ಹಿಂದೆ ಕುಶನ್ ಅಂಗಡಿ ಇಟ್ಟಿದ್ದರು. ಲಾರಿ, ಜೀಪುಗಳ ಸೀಟು ಹೊಲಿಯುವುದು, ಟಾರ್ಪಾಲು ಕಟ್ಟುವುದು ಅವರ ಕಸುಬು. ನಾವೆಲ್ಲ ಅವರನ್ನು ಕುಶನ್ ಅಣ್ಣ ಎನ್ನುತ್ತಿದ್ದೆವು. ರೆಕ್ಸಿನ್ ಮೇಲೆ ಅವರ ಬಲಗೈ ಓಡುವುದನ್ನು ನೋಡಲೆಂದೇ ಅಂಗಡಿಯ ಕಟ್ಟೆ ಮೇಲೆ ಕೂತದ್ದುಂಟು. ಸೀಮೆಸುಣ್ಣ ಮುಟ್ಟುತ್ತಿರಲಿಲ್ಲ. ಹೆಬ್ಬೆರಳ ಉಗುರಿನಿಂದ ಒಂದು ಗೀರು ಎಳೆದು ಕತ್ತರಿ ಹಾಕಿದರೆ, ಆ ಬಟ್ಟೆ ಸೀಟಿನ ಮೈಗೆ ಹುಟ್ಟಿದಾಗಿನಿಂದ ಅಂಟಿಕೊಂಡಿದ್ದ ಚರ್ಮದ ಹಾಗೆ ಕೂರುತ್ತಿತ್ತು. ಆ ಮನೆಯ ಒಲೆ ಉರಿಯುತ್ತಿದ್ದುದು ಆ ಕೈಯಿಂದ. ಅದೇ ಕೈಯನ್ನು ಅವರು ನಮ್ಮ ಎಂಜಿನ್ನುಗಳ ಬಾಯಿಗೆ ಒಡ್ಡುತ್ತಿದ್ದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೆಟ್ರೋಲ್ ಎಂಜಿನ್ ಕೀಲಿ ತಿರುಗಿಸಿದರೆ ಸುಮ್ಮನಾಗುತ್ತದೆ. ಡೀಸೆಲ್ ಎಂಜಿನ್ ನಿಲ್ಲಬೇಕಾದರೆ ಅದಕ್ಕೆ ಹೋಗುವ ಎಣ್ಣೆ ನಿಲ್ಲಿಸಬೇಕು. ಅದಕ್ಕೊಂದು ಎಳೆಯುವ ಗುಂಡಿ, ಗುಂಡಿಗೊಂದು ತಂತಿ. ಬಿಚ್ಚಿ ಜೋಡಿಸಿದ ಹಳೇ ಎಂಜಿನ್ ಮೊದಲ ಸಲ ಹೊತ್ತಿದಾಗ ಕೆಲವೊಮ್ಮೆ ಈ ಏರ್ಪಾಡಿಗೆ ಒಪ್ಪುವುದಿಲ್ಲ. ಒಳಗೆಲ್ಲೋ ಏನೋ ಸಿಕ್ಕಿಕೊಂಡು, ತನ್ನ ಹೊಟ್ಟೆಯ ಆಯಿಲ್ಲನ್ನೇ ತಾನು ಕುಡಿಯುತ್ತಾ ವೇಗ ಹೆಚ್ಚಿಸಿಕೊಳ್ಳುತ್ತಲೇ ಹೋಗುತ್ತದೆ. ನಾವು ಅದಕ್ಕೆ ಎಂಜಿನ್ನಿಗೆ ಮೈಮೇಲೆ ಬಂತು ಎನ್ನುತ್ತಿದ್ದೆವು. ದೇವರು ಮೈಮೇಲೆ ಬಂದರೆ ನಿಂಬೆಹಣ್ಣು ಕೊಟ್ಟು ಸಮಾಧಾನ ಮಾಡಬಹುದು. ಇದಕ್ಕೆ ಉಸಿರು ಕಟ್ಟಿಸುವುದೊಂದೇ ದಾರಿ. ಅದು ಗಾಳಿ ಎಳೆದುಕೊಳ್ಳುವ ದುಂಡನೆ ಬಾಯಿಗೆ ಏನಾದರೂ ಅದುಮಿ, ಸಾಯುವವರೆಗೆ ಹಿಡಿದಿರಬೇಕು. ತಡವಾದರೆ ಒಳಗಿನ ಕಬ್ಬಿಣ ಎಂಜಿನ್ನನ್ನು ಒಡೆದುಕೊಂಡು ಹೊರಗೆ ಬರುತ್ತದೆ. ಎದುರಿಗೆ ಯಾರು ನಿಂತಿದ್ದಾರೆಂದು ವಿಚಾರಿಸುವುದಿಲ್ಲ. ಆ ಬಾಯಿಯಾದರೂ ಇರುವುದು ಎಲ್ಲಿ? ತಿರುಗುವ ಫ್ಯಾನಿನ ಪಕ್ಕದಲ್ಲಿ, ಗೇಣು ದೂರಕ್ಕೆ.

ಈ ಕೆಲಸಕ್ಕೆಂದೇ ಕುಶನ್ ಅಣ್ಣ ಒಂದು ಮಾವಿನ ಹಲಗೆಗೆ ಟ್ಯೂಬು ಬಿಗಿದು ಇಟ್ಟುಕೊಂಡಿದ್ದರು. ರಬ್ಬರು ಬಾಯಿಗೆ ಕಚ್ಚಿಕೊಂಡರೆ ಜಾರುವುದಿಲ್ಲ, ಸಂದಿಯಲ್ಲಿ ಗಾಳಿ ನುಸುಳುವುದಿಲ್ಲ. ಯಾರ ಗಾಡಿ ಮೊದಲ ಸಲ ಹೊತ್ತುವುದಿದ್ದರೂ ಅಣ್ಣ ಬಂದು ಹಲಗೆ ಹಿಡಿದು ಬಾನೆಟ್ ಪಕ್ಕ ನಿಲ್ಲಬೇಕು. ಸಂಘಕ್ಕೆ ಇದ್ದದ್ದು ಇದೊಂದೇ ನಿಯಮ. ಅವರೇ ಏಕೆ ಎಂಬ ಪ್ರಶ್ನೆಯನ್ನು ಯಾವ ಸಭೆಯಲ್ಲೂ ಯಾರೂ ಎತ್ತಲಿಲ್ಲ. ಗಾಡಿಯ ಒಡೆಯ ಸ್ಟೇರಿಂಗ್ ಹಿಂದೆ ಕೂರಬೇಕಲ್ಲ. ಮಿಕ್ಕವರಿಗೆ ಸರಿಯಾಗಿ ಆ ಹೊತ್ತಿಗೇ ಬೀಡಿ ಹಚ್ಚುವುದೋ, ಗೋಡೆಯಾಚೆ ಏನೋ ನೋಡಿ ಬರುವುದೋ ಇರುತ್ತಿತ್ತು.

ಅಣ್ಣನ ಹೆಂಡತಿಯನ್ನು ನಾವು ಅತ್ತಿಗೆ ಎನ್ನುತ್ತಿದ್ದೆವು. ಅಂಗಡಿಯಲ್ಲಿ ಸೀಟಿಗೆ ತೆಂಗಿನ ನಾರು ತುಂಬುವುದು ಅವರ ಪಾಲು. ಅಣ್ಣ ಹಲಗೆಯನ್ನು ಕಂಕುಳಲ್ಲಿಟ್ಟು ಹೊರಟಾಗಲೆಲ್ಲ ಬಾಗಿಲಲ್ಲಿ ಅಡ್ಡ ನಿಂತು, "ಹತ್ತು ಬೆರಳು ಎಣಿಸಿ ಕಳಿಸ್ತಿದೀನಿ. ಬಂದ ಮ್ಯಾಲೆ ಲೆಕ್ಕ ಒಪ್ಪಿಸ್ರಿ" ಎನ್ನುತ್ತಿದ್ದರು. ಅಣ್ಣ ವಾಪಸು ಬಂದವರು ಚಪ್ಪಲಿ ಬಿಡುವ ಮೊದಲು ಎರಡೂ ಕೈ ಎತ್ತಿ ತೋರಿಸಬೇಕು. ನಮಗೆ ಇದು ದೊಡ್ಡ ತಮಾಷೆಯಾಗಿತ್ತು. ಅತ್ತಿಗೆ ನಕ್ಕ ನೆನಪು ಮಾತ್ರ ನನಗಿಲ್ಲ...

ಜಗಳೂರಿನ ಗಾಡಿಗೆ ಮೈಮೇಲೆ ಬಂದದ್ದನ್ನು ಕಣ್ಣಾರೆ ಕಂಡೆ. ಬಿಳಿಚೋಡಿನ ಕಡೆಯಿಂದ ತಂದ ಕುರಿಗಳು ಅಂಗಳದ ಮೂಲೆಯಲ್ಲಿ ತಡಿಕೆಯೊಳಗೆ ಇದ್ದವು. ಎಂಜಿನ್ ಹೊತ್ತಿ, ಎರಡು ಸಲ ಕೆಮ್ಮಿ, ಹದಕ್ಕೆ ಬಂತೆಂದು ನಾವು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಳ್ಳುವಷ್ಟರಲ್ಲಿ ಅದರ ದನಿ ಏರಿತು. ಏರುತ್ತಲೇ ಹೋಯಿತು. ಅಂಗಳವೆಲ್ಲ ಬೆಳ್ಳನೆ ಹೊಗೆ. ಕುರಿಗಳು ತಡಿಕೆ ಮುರಿದುಕೊಂಡು ಓಡಿದವು. ಅವುಗಳ ಮೇಲ್ವಿಚಾರಣೆಗೆಂದು ನಮ್ಮ ಅಧ್ಯಕ್ಷರೂ ಓಡಿದರು. ಹೊಗೆಯ ಒಳಗೆ ಅಣ್ಣ ಹಲಗೆಯನ್ನು ಒತ್ತಿ, ಅದರ ಮೇಲೆ ಎದೆ ಊರಿ ನಿಂತಿದ್ದರು. ಎಂಜಿನ್ ಹಲಗೆಯನ್ನು ಕಚ್ಚಿಕೊಂಡು ಒದ್ದಾಡಿತು, ಒದ್ದಾಡಿ ಸತ್ತಿತು. ಕಿತ್ತು ನೋಡಿದರೆ ರಬ್ಬರಿನ ಮೇಲೆ ಬಳೆ ಒತ್ತಿದ ಹಾಗೆ ದುಂಡನೆ ಅಚ್ಚು. ಅಣ್ಣ ಅದನ್ನೇ ಬೆರಳಿನಿಂದ ಸವರುತ್ತಾ, "ಇದಕ್ಕೆ ನನ್ನ ಗುರ್ತು ಸಿಕ್ತು ನೋಡ್ರಿ" ಎಂದರು.

ಅಷ್ಟರಲ್ಲಾಗಲೇ ಅಣ್ಣ ತಮಗೂ ಒಂದು ಪಿಕಪ್ಪು ಕಟ್ಟತೊಡಗಿದ್ದರು. ಇಡೀ ಗಾಡಿಯನ್ನು ಹರಾಜಿನಲ್ಲಿ ಹಿಡಿಯುವ ಶಕ್ತಿ ಇಲ್ಲದ್ದರಿಂದ ತುಂಡು ತುಂಡಾಗಿ ಕಟ್ಟುತ್ತಿದ್ದರು. ಗೋವಿನಕೋವಿಯ ಹೊಲವೊಂದರಲ್ಲಿ ಕೋಳಿಗೂಡಾಗಿ ಬಿದ್ದಿದ್ದ ಕ್ಯಾಬಿನ್ನು, ಒಂದಕ್ಕೊಂದು ಬಣ್ಣ ಸೇರದ ಎರಡು ಬಾಗಿಲು, ಹೊಳೆ ದಂಡೆಯಲ್ಲಿ ನೀರೆತ್ತುತ್ತಿದ್ದ ಪಂಪಿನ ಎಂಜಿನ್ನು. ಅತ್ತಿಗೆಯ ತವರು ಚನ್ನಗಿರಿಯ ಆಚೆ. ಅವರು ಮದುವೆಯಾದಾಗಿನಿಂದ ಅಲ್ಲಿಗೆ ಹೋದದ್ದೆಲ್ಲ ಯಾರದೋ ಗಾಡಿಯ ಹಿಂದೆ, ನಾರಿನ ಪೆಂಡಿಯ ಮೇಲೆ ಕೂತು. ಒಂದು ಸಲ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಬೇಕೆಂಬುದು ಅಣ್ಣನ ಆಸೆ. ಕೊನೆಗೆ ಆ ಸೀಟನ್ನೂ ಹೊಲಿದರು. ಕಂದು ರೆಕ್ಸಿನ್ನು, ಅಂಚಿಗೆ ಬಿಳಿ ಪಟ್ಟಿ... ನಮ್ಮ ಮೂವರ ಗಾಡಿಗೂ ಅಂಥದ್ದು ಇರಲಿಲ್ಲ.

ಈಗ ಸಂಘದ ಮುಂದೆ ಘನವಾದ ಪ್ರಶ್ನೆಯೊಂದು ಎದ್ದು ನಿಂತಿತು. ಅಣ್ಣನ ಗಾಡಿ ಹೊತ್ತುವ ದಿನ ಹಲಗೆ ಹಿಡಿಯುವವರು ಯಾರು? ಎದ್ದ ಪ್ರಶ್ನೆಯನ್ನು ಅಣ್ಣನೇ ಕೂರಿಸಿದರು. ಹಲಗೆ ತಾವೇ ಹಿಡಿಯುವುದಾಗಿಯೂ, ಎಂಜಿನ್ ಹೊತ್ತಿಸುವ ಸೆಲ್ಫ್ ಒತ್ತಲು ಅತ್ತಿಗೆ ಕೂರುವುದಾಗಿಯೂ ಹೇಳಿದರು. ನಮ್ಮ ಎದೆಗಳಿಂದ ಹೊರಟ ನಿಟ್ಟುಸಿರನ್ನು ಒಮ್ಮತದ ನಿರ್ಣಯವೆಂದು ಪರಿಗಣಿಸಲಾಯಿತು. ಆ ಹಗುರಕ್ಕೋ ಏನೋ, ಅಣ್ಣನಿಗೆ ಅದೇ ದಿನ ಸನ್ಮಾನವೂ ಆಗಬೇಕೆಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದರು. ಶಾಲು, ಹಾರ ಯಾರಿಗೆ ಬೇಕಾದರೂ ಸಿಗುತ್ತವೆ. ಆದ್ದರಿಂದ ಜೊತೆಗೊಂದು ಹೊಸ ಹಲಗೆ. ತೇಗದ್ದು. ಚನ್ನಗಿರಿಯ ಬಡಗಿಯಿಂದ ಅಂಚು ಕೆತ್ತಿಸಿ, ಹಿತ್ತಾಳೆ ಹಿಡಿ ಕೂರಿಸಿ, ಮುಖ ಕಾಣುವಷ್ಟು ಪಾಲಿಷ್ ಹೊಡೆಸಿದ್ದು. ಅಷ್ಟು ಚೆಂದದ ಮರಕ್ಕೆ ಲಾರಿ ಟ್ಯೂಬು ಹೊಡೆಯುವ ವಿಚಾರ ಯಾರ ತಲೆಗೂ ಬರಲಿಲ್ಲ.

ಆ ಬೆಳಿಗ್ಗೆ ಅಂಗಡಿಯ ಹಿಂದಿನ ಬಯಲಿನಲ್ಲಿ ಗಾಡಿಗೆ ಬಾಳೆಕಂದು ಕಟ್ಟಿತ್ತು. ಅತ್ತಿಗೆ ಹೊಸ ಸೀಟಿನ ಮೇಲೆ, ಮುಟ್ಟಿದರೆ ಮಾಸೀತೆಂಬಂತೆ ತುದಿಯಲ್ಲಿ ಕೂತಿದ್ದರು. ಅಣ್ಣನಿಗೆ ಶಾಲು ಹೊದಿಸಿದ್ದಾಯಿತು. ಅಧ್ಯಕ್ಷರು ಮಾತಾಡುತ್ತಾ ಅವರನ್ನು ಸಂಘದ ಪ್ರಾಣವಾಯು ಎಂದು ಬಣ್ಣಿಸಿದರು. ಉಸಿರು ಕಟ್ಟಿಸುವುದೇ ಅಣ್ಣನ ಕೆಲಸವೆಂಬುದು ಆ ಭರದಲ್ಲಿ ಮರೆತಿತ್ತು. ಹಳೆಯದು ತರುವುದು ಬೇಡವೆಂದು ಮೊದಲೇ ಹೇಳಿಯಾಗಿತ್ತು; ಹೊಸ ಹಲಗೆಯನ್ನು ತಟ್ಟೆಯಲ್ಲಿಟ್ಟು ಕೊಟ್ಟರು. ಅಣ್ಣ ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಅದನ್ನು ಮಗುಚಿ, ರೆಕ್ಸಿನ್ ಪರೀಕ್ಷಿಸುವ ಹಾಗೆ ಹೆಬ್ಬೆರಳಿನಿಂದ ಸವರಿದರು. ಬೆರಳು ಒಂದು ಗಳಿಗೆ ಅಲ್ಲೇ ನಿಂತಿತು.

"ಬಾಳ ನುಣುಪು ಐತ್ರಿ" ಎಂದರು.

ನಾವು ಅದನ್ನು ಹೊಗಳಿಕೆಯೆಂದು ತಿಳಿದು ಚಪ್ಪಾಳೆ ತಟ್ಟಿದೆವು.

ಅತ್ತಿಗೆ ತಟ್ಟಲಿಲ್ಲ. ಗಾಡಿಯಿಂದ ಇಳಿದೇ ಬಂದರು. "ಸನ್ಮಾನದ್ದು ಮನ್ಯಾಗಿರ್ಲಿ. ಹಳೇದು ನೀರಿನ ಹಂಡೆ ಮ್ಯಾಲೆ ಮುಚ್ಚೀನಿ, ತರ್ತೀನಿ ತಡೀರಿ" ಎಂದರು.

ಅಧ್ಯಕ್ಷರ ಮುಖ ಸಣ್ಣದಾಯಿತು. ಆದರೂ ನಗುತ್ತಲೇ, "ಹಂಗಾದ್ರೆ ನಾವು ತಂದಿದ್ದು ಗ್ವಾಡಿಗೆ ನೇತಾಕಾಕೇನ್ರೀ ಅತ್ತಿಗೇರೆ?" ಎಂದರು. ಜಗಳೂರಿನವರು ಗಡಿಯಾರ ನೋಡಿಕೊಂಡು, ರಾಹುಕಾಲ ಇನ್ನೇನು ಬಂತು, ಬೇಗ ಆ ಶುಭ ಕಾರ್ಯ ಮುಗಿಯಲಿ ಎಂದು ಅವಸರಿಸಿದರು. ಅತ್ತಿಗೆ ಗಂಡನನ್ನೇ ನೋಡುತ್ತಿದ್ದರು. ಅಣ್ಣ ಹಲಗೆಯನ್ನು ನೋಡಿದರು, ಅಧ್ಯಕ್ಷರನ್ನು ನೋಡಿದರು.

"ಇರ್ಲಿ ಬಿಡು. ಮನಸಿಟ್ಟು ಮಾಡ್ಸ್ಯಾರೆ."

ಅತ್ತಿಗೆ ತಿರುಗಿ ಹೋಗಿ ಸೀಟು ಹತ್ತಿದರು. ಹತ್ತುವಾಗ ಅವರ ತುಟಿ ಅಲ್ಲಾಡಿದ್ದು ಕಂಡೆ. ದೇವರ ಹೆಸರು ಹೇಳುತ್ತಿದ್ದಾರೆಂದುಕೊಂಡೆ. ಎಣಿಸುತ್ತಿದ್ದರು ಎಂದು ಹೊಳೆದದ್ದು ಎಷ್ಟೋ ಕಾಲದ ಮೇಲೆ...

ಸೆಲ್ಫ್ ಒತ್ತಿದ ಕೂಡಲೇ ಹೊತ್ತಿತು. ಒಂದು ಗಳಿಗೆ ಹಾಲು ಕರೆಸಿಕೊಳ್ಳುವ ಹಸುವಿನ ಹಾಗೆ ನಿಂತಿತ್ತು. ಆಮೇಲೆ ದನಿ ಏರಿತು. ಅತ್ತಿಗೆ ನಿಲ್ಲಿಸುವ ಗುಂಡಿ ಎಳೆದರು. ಅದು ತಂತಿ ಸಮೇತ ಕೈಗೆ ಬಂತು. ಅಣ್ಣ ಹಲಗೆ ಒತ್ತಿದರು. ದನಿ ಸ್ವಲ್ಪ ತಗ್ಗಿತು, ಎಂಜಿನ್ ಸಾಯಲಿಲ್ಲ. ಗಟ್ಟಿ ಮರ, ಗಟ್ಟಿ ಕಬ್ಬಿಣ. ಅವೆರಡರ ನಡುವೆ ಗಾಳಿ ಸಿಳ್ಳೆ ಹಾಕುತ್ತಾ ಒಳಗೆ ನುಗ್ಗುತ್ತಿತ್ತು. ಎಲ್ಲಿಂದಲೋ ಚಿಮ್ಮಿದ ಆಯಿಲ್ಲು ಪಾಲಿಷ್ ಮೇಲೆ ಹರಿಯಿತು. ಅಣ್ಣ ಎದೆ ಊರಲೆಂದು ಮುಂದಕ್ಕೆ ಬಾಗಿದರು. ಹಲಗೆ ಜಾರಿತು. ಅದರ ಹಿಂದೆಯೇ ಕೈ ಜಾರಿತು. ಜಾರಿದ ಕಡೆ ಫ್ಯಾನು ಇತ್ತು.

ಸಂಘ ಆ ಹೊತ್ತಿಗೆ ಯಥಾಪ್ರಕಾರ ಗೋಡೆಯ ಹಿಂದಿನಿಂದ ಇಣುಕುತ್ತಿತ್ತು.

ಎಂಜಿನ್ನನ್ನು ಕೊಂದವರು ಅತ್ತಿಗೆ. ಕೂತಿದ್ದ ಸೀಟನ್ನೇ ಕಿತ್ತುಕೊಂಡು ಇಳಿದು, ಆ ಕಂದು ರೆಕ್ಸಿನ್ನನ್ನು ಅದರ ಬಾಯಿಗೆ ಒತ್ತಿ ಹಿಡಿದರು. ಅದು ಸೀಟನ್ನು ಕಚ್ಚಿಕೊಂಡು ಸುಮ್ಮನಾಯಿತು. ಅಣ್ಣನ ಕೈಗೆ ಸುತ್ತಲು ಹತ್ತಿರದಲ್ಲಿ ಸಿಕ್ಕಿದ ಬಟ್ಟೆಯೆಂದರೆ ಸನ್ಮಾನದ ಶಾಲು. ಜಗಳೂರಿನವರ ಗಾಡಿಯಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದೆವು. ಹೆಬ್ಬೆರಳೊಂದನ್ನು ಬಿಟ್ಟು ಬಲಗೈಯಲ್ಲಿ ಏನೂ ಉಳಿಯಲಿಲ್ಲ. ಅತ್ತಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಇದ್ದರು. ಅವತ್ತು ಅವರು ಲೆಕ್ಕ ಕೇಳಲಿಲ್ಲ.

ಕೆಲವು ತಿಂಗಳು ಕಳೆದು ನ್ಯಾಮತಿಗೆ ಹೋದಾಗ ಅಂಗಡಿಯಿಂದ ಹೊಲಿಗೆ ಮಿಷನ್ನಿನ ಸದ್ದು ಕೇಳಿ ಹಿಗ್ಗಿದೆ. ಒಳಗೆ ಅಣ್ಣ ಕಾಲಿನಿಂದ ತುಳಿಯುತ್ತಿದ್ದರು, ಅತ್ತಿಗೆ ಪಕ್ಕದಲ್ಲಿ ನಿಂತು ಬಟ್ಟೆ ಓಡಿಸುತ್ತಿದ್ದರು. ಉಳಿದ ಹೆಬ್ಬೆರಳ ಉಗುರಿನಿಂದ ಅಣ್ಣ ಗೀರು ಎಳೆಯುವುದು, ಅತ್ತಿಗೆ ಕತ್ತರಿಸುವುದು. ಹೊಲಿಗೆ ಮೊದಲಿನ ಹಾಗೆ ನೇರ ಇರಲಿಲ್ಲ. ಗಿರಾಕಿಗಳು ಸ್ವಲ್ಪ ದಿನ ಕನಿಕರದಿಂದ ಬಂದರು, ಆಮೇಲೆ ಕನಿಕರಪಡುತ್ತಲೇ ಶಿವಮೊಗ್ಗಕ್ಕೆ ಹೋದರು. ಪಿಕಪ್ಪು ಹಿಂದಿನ ಬಯಲಿನಲ್ಲಿ ಸೀಟಿಲ್ಲದೆ ನಿಂತಿತ್ತು, ಒಣಗಿದ ಬಾಳೆಕಂದಿನ ಹಗ್ಗ ಇನ್ನೂ ಬಿಚ್ಚಿರಲಿಲ್ಲ. ನಾನು ಹೊರಟಾಗ ಅತ್ತಿಗೆ ಹಂಡೆಯ ಮೇಲಿನ ಹಳೇ ಹಲಗೆ ತಂದು ಕೈಗಿಟ್ಟರು. "ಇದು ಕಣ್ಣಿಗೆ ಬಿದ್ರೆ ನನಗೆ ಅನ್ನ ಸೇರಾದಿಲ್ಲ. ನಿಮ್ಮ ಗಿರಣ್ಯಾಗೆ ಎಂಜಿನ್ ಐತಲ್ಲ, ಇಟ್ಕಳ್ರಿ" ಎಂದರು. ಅಣ್ಣ ತಲೆ ಎತ್ತದೆ ತುಳಿಯುತ್ತಲೇ ಇದ್ದರು.

ಸಂಘವನ್ನು ಯಾರೂ ವಿಸರ್ಜಿಸಲಿಲ್ಲ. ಮುಂದಿನ ಸಭೆಯನ್ನು ಯಾರೂ ಕರೆಯಲಿಲ್ಲ, ಅಷ್ಟೇ. ತೇಗದ ಹಲಗೆ ಏನಾಯಿತೆಂದು ಯಾರೂ ಯಾರನ್ನೂ ಕೇಳಲಿಲ್ಲ. ಅಣ್ಣ, ಅತ್ತಿಗೆ ಅಂಗಡಿ ಮುಚ್ಚಿ ತವರಿನ ಕಡೆಗೆ ಹೋದರಂತೆ, ಬಸ್ಸಿನಲ್ಲಿ. ಅಣ್ಣ ಹೋದ ಸುದ್ದಿ ಬಂದಾಗ ತಿಥಿ ಮುಗಿದಿತ್ತು. ಅತ್ತಿಗೆಯ ಸುದ್ದಿ ಅದಕ್ಕಿಂತ ತಡವಾಗಿ, ಯಾರದೋ ಮಾತಿನ ನಡುವೆ...

ಗುಜರಿಯವನು ಹೋದ ಮೇಲೆ ಗಿರಣಿಯ ಮೆಟ್ಟಿಲ ಮೇಲೆ ಹಲಗೆ ಹಿಡಿದು ಕೂತೆ. ರಬ್ಬರು ಒಣಗಿ ಬಿರಿದಿದೆ, ಜಗಳೂರಿನ ಆ ದುಂಡು ಅಚ್ಚು ಮಾತ್ರ ಹಾಗೇ ಇದೆ. ಅದರ ಮೇಲೆ ಬಲಗೈ ಇಟ್ಟು ನೋಡಿದೆ. ಒಂದು ಅಂಗೈಗೆ ಅಳತೆ ತೆಗೆದು ಮಾಡಿದ ಹಾಗೆ ಪೂರ್ತಿ ಮುಚ್ಚಿತು. ಥಟ್ಟನೆ ಕೈ ತೆಗೆದುಕೊಂಡೆ. ತೆಗೆದವನು ಸುಮ್ಮನಿರದೆ ಬೆರಳುಗಳನ್ನು ಎಣಿಸಿದೆ. ಎಲ್ಲವೂ ಇದ್ದವು. ಲೆಕ್ಕ ಕೇಳುವವರು ಯಾರೂ ಇರಲಿಲ್ಲ.